ಪದ ಪರಿಚಯ: ಮಣ್ಣಿನ ಬಯೋ ಎಂಜಿನಿಯರಿಂಗ್

ಬಯೋ ಎಂಜಿನಿಯರಿಂಗ್ ಅಂದ ಕೂಡಲೇ ಕೃತಕ ಕೈಕಾಲು, ಲ್ಯಾಬು, ಜೀನು ನೆನಪಾಗುತ್ತವೆ, ಅಲ್ವಾ? ಗುಡ್ಡದ ಇಳಿಜಾರಿನಲ್ಲಿ ಕೆಲಸ ಮಾಡುವವರ ಬಾಯಲ್ಲಿ ಈ ಪದದ ಅರ್ಥವೇ ಬೇರೆ. ಹುಲ್ಲು, ಗಿಡ, ಚಿಗುರುವ ಕಡ್ಡಿಗಳನ್ನೇ ಕಲ್ಲು ಸಿಮೆಂಟಿನ ಹಾಗೆ ಬಳಸಿ ಮಣ್ಣನ್ನು ಹಿಡಿದು ನಿಲ್ಲಿಸುವ ಕೆಲಸ ಇದು. ಗೊಂದಲ ಬೇಡ ಅಂತ ಮುಂದೆ ‘ಮಣ್ಣಿನ’ ಎಂದು ಸೇರಿಸುತ್ತಾರೆ.

ಸುಮ್ನೆ ಗಿಡ ನೆಟ್ಟರೆ ಅದು ಇದಾಗುವುದಿಲ್ಲ. ಇಲ್ಲಿ ಪ್ರತಿ ಗಿಡಕ್ಕೂ ಒಂದು ಕೆಲಸ ಇರುತ್ತದೆ. ಇಳಿಜಾರಿಗೆ ಅಡ್ಡಲಾಗಿ ಒತ್ತೊತ್ತಾಗಿ ನೆಟ್ಟ ಲಾವಂಚದ ಸಾಲು ನೀರಿನ ಓಟ ತಗ್ಗಿಸಿ, ಕೊಚ್ಚಿ ಬಂದ ಮಣ್ಣನ್ನು ತನ್ನ ಬೆನ್ನಿಗೇ ತಡೆದು ಇಟ್ಟುಕೊಳ್ಳುತ್ತದೆ. ಮಣ್ಣು ಚೆನ್ನಾಗಿದ್ದರೆ ಅದರ ಬೇರು 3 ಮೀಟರ್‌ವರೆಗೂ ನೆಟ್ಟಗೆ ಕೆಳಗಿಳಿಯುತ್ತದೆ. ಬೇರು ಊರುವ ತನಕ ನೆಲ ಬರಿದಾಗಿರಬಾರದು ಅಂತ ತೆಂಗಿನ ನಾರಿನ ಬಲೆ ಹಾಸುತ್ತಾರೆ. ಕೆಲವು ವರ್ಷಗಳಲ್ಲಿ ಅದು ಕೊಳೆತುಹೋಗುತ್ತದೆ. ಹೋಗಲಿ, ಅಷ್ಟರಲ್ಲಿ ಗಿಡಗಳು ಕೆಲಸ ವಹಿಸಿಕೊಂಡಿರಬೇಕು.

ಕಾಂಕ್ರೀಟ್ ಗೋಡೆ ಹೊಸದರಲ್ಲಿ ಗಟ್ಟಿ, ಆಮೇಲೆ ಹಳತಾಗುತ್ತಾ ಹೋಗುತ್ತದೆ. ಇದು ಉಲ್ಟಾ. ಶುರುವಿನಲ್ಲಿ ತೀರಾ ಬಡಕಲು, ಬೇರು ಬೆಳೆದಂತೆ ಬಲ. ಹಾಗಾಗಿ ನೆಟ್ಟ ಮೂರನೇ ತಿಂಗಳಿಗೆ ಹಸಿರು ಫೋಟೋ ಹಾಕಿ ‘ಯಶಸ್ವಿ’ ಅನ್ನುವ ವರದಿಗಳನ್ನು ನಾನಂತೂ ನಂಬುವುದಿಲ್ಲ. ಕನಿಷ್ಠ ಎರಡು ಮಳೆಗಾಲ ಕಳೆಯಲಿ.

ಸ್ಥಳಕ್ಕೆ ಹೋದರೆ ದೂರದಿಂದ ನೋಡಿ ಬರಬೇಡಿ. ಬಗ್ಗಿ, ಎಲೆ ಸರಿಸಿ, ನೆಲ ನೋಡಿ. ಗಿಡದ ಬುಡದಲ್ಲಿ ಬೇರು ಬಯಲಾಗಿದೆಯಾ? ಸಣ್ಣ ಕಲ್ಲುಗಳು ಪುಟ್ಟ ಮಣ್ಣಿನ ಕಂಬದ ಮೇಲೆ ಕೂತ ಹಾಗಿವೆಯಾ? ಹಾಗಿದ್ದರೆ ಸುತ್ತಲ ಮಣ್ಣು ಮಳೆಗೆ ಹೋಗಿದೆ, ಕಲ್ಲಿನಡಿಯದು ಮಾತ್ರ ಉಳಿದಿದೆ. ಎಷ್ಟು ಹೋಗಿದೆ ಅಂತ ತಿಳಿಯಲು ಮಳೆಗೆ ಮುಂಚೆ ಕಬ್ಬಿಣದ ಸರಳುಗಳನ್ನು ಹೂತು, ಹೊರಗಿರುವ ಉದ್ದ ಬರೆದಿಟ್ಟು, ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆಯುತ್ತಾರೆ. 1 ಮಿಲಿಮೀಟರ್ ತಾನೇ ಅನ್ನಬೇಡಿ. ಒಂದು ಹೆಕ್ಟೇರಿನಲ್ಲಿ ಅಷ್ಟು ಸವೆದರೆ 10 ಘನ ಮೀಟರ್ ಮಣ್ಣು ಹೋದಂತೆ!

ನೆಟ್ಟ ಕಡ್ಡಿಗಳನ್ನು ಎಣಿಸುವಾಗ ಒಂದು ಮೋಸ ಇದೆ. ತೊಗಟೆಯನ್ನು ಉಗುರಿನಲ್ಲಿ ಗೀರಿದಾಗ ಒಳಗೆ ಹಸಿರಿದ್ದರೆ ಜೀವ ಇದೆ ಎಂದರ್ಥ, ಅದು ಸರಿ. ಆದರೆ ಚಿಗುರು ಬಂದ ಮಾತ್ರಕ್ಕೆ ಬೇರು ಬಂದಿದೆ ಅಂತಲ್ಲ. ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದಲೇ ಅದು ಕೆಲವು ವಾರ ಚಿಗುರಬಲ್ಲದು. ಮೆಲ್ಲಗೆ ಎಳೆಯಿರಿ. ಸಲೀಸಾಗಿ ಕೈಗೆ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ವಾಪಸಾಗುವ ಮುಂಚೆ ಇಳಿಜಾರಿನ ನೆತ್ತಿಗೂ ಹೋಗಿ ಬನ್ನಿ. ಅಲ್ಲಿ ಬಿಲ್ಲಿನಾಕಾರದ ಬಿರುಕು, ಬುಡದಲ್ಲಿ ನೀರು ಜಿನುಗು ಕಂಡರೆ ಕಥೆಯೇ ಬೇರೆ, ಗುಡ್ಡ ಆಳದಿಂದಲೇ ಜಾರುತ್ತಿರಬಹುದು. ಗಿಡಗಳ ಹಿಡಿತ ಹೆಚ್ಚಾಗಿ ಮೇಲಿನ ಒಂದೆರಡು ಮೀಟರ್ ಮಣ್ಣಿಗಷ್ಟೇ. ಜಾರುವ ಪದರ ಅದಕ್ಕಿಂತ ಆಳದಲ್ಲಿದ್ದರೆ ಗುಡ್ಡ ಗಿಡಗಳ ಸಮೇತವೇ ಕೆಳಗೆ ಬರುತ್ತದೆ. ಅಂಥ ಕಡೆ ಮೊದಲು ನೀರಿಗೆ ದಾರಿ ಮಾಡಬೇಕು, ಬೇಕಿದ್ದರೆ ಗೋಡೆಯನ್ನೂ ಕಟ್ಟಬೇಕು. ಲಾವಂಚ ಆಮೇಲೆ.