ಶಂಕರನ್ ನಾಯರ್ ಲಂಡನ್ನಿನ ಮೊಕದ್ದಮೆಯಲ್ಲಿ ಸೋತದ್ದೇಕೆ?

ಓದುಗರ ಪ್ರಶ್ನೆ: ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ವೈಸ್‌ರಾಯ್ ಕಾರ್ಯಕಾರಿ ಮಂಡಳಿಗೆ ರಾಜೀನಾಮೆ ಕೊಟ್ಟ ಸರ್ ಸಿ. ಶಂಕರನ್ ನಾಯರ್, ಅದೇ ವಿಷಯದ ಮಾನನಷ್ಟ ಮೊಕದ್ದಮೆಯಲ್ಲಿ ಸೋತದ್ದೇಕೆ?

ಉತ್ತರ: 1857ರಲ್ಲಿ ಪಾಲಕ್ಕಾಡ್ ಸಮೀಪದ ಮಂಕರದಲ್ಲಿ ಹುಟ್ಟಿದ ನಾಯರ್, ದಕ್ಷಿಣ ಕನ್ನಡದ ಮೇಲ್ಮನವಿಗಳೂ ಹೋಗುತ್ತಿದ್ದ ಮದ್ರಾಸ್ ಹೈಕೋರ್ಟಿನಲ್ಲಿ ವಕೀಲರಾಗಿ ಹೆಸರು ಮಾಡಿ, 1897ರ ಅಮರಾವತಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ, ಮುಂದೆ ಅದೇ ಹೈಕೋರ್ಟಿನ ನ್ಯಾಯಮೂರ್ತಿಯೂ ಆದವರು. 1915ರಲ್ಲಿ ವೈಸ್‌ರಾಯ್ ಮಂಡಳಿ ಸೇರಿದ ಅವರು, 1919ರಲ್ಲಿ ಪಂಜಾಬಿನ ದಮನವನ್ನು ಪ್ರತಿಭಟಿಸಿ ಹೊರಬಂದಾಗ ಅಲ್ಲಿದ್ದ ಏಕೈಕ ಭಾರತೀಯ ಸದಸ್ಯರಾಗಿದ್ದರು.

ಮೊಕದ್ದಮೆಗೆ ಕಾರಣವಾದ, ನಾಯರ್ ಬರೆದ 'ಗಾಂಧಿ ಅಂಡ್ ಅನಾರ್ಕಿ' ಪುಸ್ತಕ 1922ರಲ್ಲಿ ಪ್ರಕಟವಾಯಿತು. ಅದರ ಮುಖ್ಯ ಗುರಿ ಗಾಂಧೀಜಿಯ ಅಸಹಕಾರ ಚಳವಳಿಯ ಟೀಕೆ. ಆದರೆ ಪಂಜಾಬಿನ ದೌರ್ಜನ್ಯಗಳನ್ನು ಲೆಫ್ಟಿನೆಂಟ್ ಗವರ್ನರ್ ಹುದ್ದೆಯ ಅಧಿಕಾರಕ್ಕೆ ಜೋಡಿಸಿದ ಒಂದು ಮಾತು ಅದರಲ್ಲಿತ್ತು. ದೌರ್ಜನ್ಯಗಳು ನಡೆದಾಗ ಆ ಹುದ್ದೆಯಲ್ಲಿದ್ದ ಸರ್ ಮೈಕೆಲ್ ಓಡ್ವಯರ್ ಲಂಡನ್ನಿನಲ್ಲಿ ದಾವೆ ಹೂಡಿದರು. ಮಾನಹಾನಿಕರ ಮಾತು ಸತ್ಯವೆಂದು ಸಾಬೀತುಪಡಿಸುವ ಹೊರೆ ಇಂಗ್ಲೆಂಡಿನ ಕಾನೂನಿನಲ್ಲಿ ಬರೆದವರದೇ. ಹೀಗಾಗಿ, ಹತ್ಯಾಕಾಂಡ ನಡೆಯಿತೆಂದು ತೋರಿಸಿದರೆ ಸಾಲದು, ಅದರ ಹೊಣೆ ಓಡ್ವಯರ್ ಅವರಿಗೂ ಸೇರುತ್ತದೆಂದು ತೋರಿಸಬೇಕಾಗಿತ್ತು. ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಲು ಆದೇಶಿಸಿದ ಸೇನಾಧಿಕಾರಿ ಡಯರ್ ಕೃತ್ಯಕ್ಕೆ ಓಡ್ವಯರ್ ತಂತಿಯಲ್ಲಿ ಒಪ್ಪಿಗೆ ಸೂಚಿಸಿದ್ದು ನಿಜ, ಆದರೆ ಗುಂಡು ಹಾರಿದ ಮೇಲೆ ಬಂದ ಒಪ್ಪಿಗೆ ಅದು. ವಕೀಲನ ಕಣ್ಣಿನಲ್ಲಿ ಇದೇ ನಾಯರ್ ವಾದದ ಅತ್ಯಂತ ದುರ್ಬಲ ಕೊಂಡಿಯೆಂದು ನನ್ನ ಎಣಿಕೆ.

ಆದರೂ ಸೋಲನ್ನು ಕಾನೂನಿನ ತಲೆಗೆ ಮಾತ್ರ ಕಟ್ಟಲಾಗದು. 1924ರಲ್ಲಿ ಐದು ವಾರ ನಡೆದ ವಿಚಾರಣೆಯುದ್ದಕ್ಕೂ ನ್ಯಾಯಮೂರ್ತಿ ಮೆಕಾರ್ಡಿ ಅವರ ಒಲವು ಎದ್ದು ಕಾಣುತ್ತಿತ್ತು. 1920ರಲ್ಲೇ, ಪಂಜಾಬಿನ ಘಟನೆಗಳ ತನಿಖೆಗೆ ಸರ್ಕಾರ ನೇಮಿಸಿದ್ದ ಹಂಟರ್ ಸಮಿತಿ ಡಯರ್ ನಡತೆಯನ್ನು ಖಂಡಿಸಿದ್ದರೂ, ಡಯರ್ ಮಾಡಿದ್ದು ಸರಿ, ಅವರಿಗೆ ಕೊಟ್ಟ ಶಿಕ್ಷೆ ತಪ್ಪು ಎಂಬ ತಮ್ಮ ಅಭಿಪ್ರಾಯವನ್ನು ಅವರು ಜ್ಯೂರಿಯ, ಅಂದರೆ ತೀರ್ಮಾನ ಕೊಡುವ ನಾಗರಿಕರ ಮಂಡಳಿಯ, ಮುಂದೆಯೇ ಹೇಳಿದರು. ನಾಯರ್ ಪರ ವಾದಿಸಿದ್ದು ಮದ್ರಾಸ್ ಹೈಕೋರ್ಟಿನ ಮಾಜಿ ಮುಖ್ಯ ನ್ಯಾಯಮೂರ್ತಿ ಸರ್ ವಾಲ್ಟರ್ ಶ್ವಾಬ್. ಅಮೃತಸರದ ಆ ಇಕ್ಕಟ್ಟಾದ ಮೈದಾನವನ್ನಾಗಲಿ, ಪಂಜಾಬಿನ ಜನರ ಭಯವನ್ನಾಗಲಿ ಇಂಗ್ಲಿಷ್ ಜ್ಯೂರಿಗೆ ಮನಗಾಣಿಸುವುದು ಅಂಥ ವಕೀಲರಿಗೂ ಸುಲಭವಿರಲಿಲ್ಲ. ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಓಡ್ವಯರ್ ಪರ ನಿಂತರು. ಒಪ್ಪದೆ ಉಳಿದವರು ರಾಜಕೀಯ ಚಿಂತಕ ಹೆರಾಲ್ಡ್ ಲಾಸ್ಕಿ ಒಬ್ಬರೇ. ಒಮ್ಮತವಿಲ್ಲದಿದ್ದರೂ ಉಭಯ ಪಕ್ಷಗಳ ಒಪ್ಪಿಗೆಯಿಂದ ಬಹುಮತದ ತೀರ್ಮಾನವೇ ಊರ್ಜಿತವಾಯಿತು.

500 ಪೌಂಡ್ ಪರಿಹಾರದ ಜೊತೆಗೆ ಅದರ ಹಲವು ಪಟ್ಟು ನ್ಯಾಯಾಲಯದ ಖರ್ಚೂ ನಾಯರ್ ಮೇಲೆ ಬಿತ್ತು. ಕ್ಷಮೆ ಕೇಳಿದರೆ ಹಣ ಬಿಟ್ಟುಕೊಡುವುದಾಗಿ ಓಡ್ವಯರ್ ಮುಂದಿಟ್ಟ ಪ್ರಸ್ತಾಪವನ್ನು ಅವರು ನಿರಾಕರಿಸಿದರು.