ಅಶ್ವತ್ಥಾಮ ಧೃಷ್ಟದ್ಯುಮ್ನನನ್ನು ಎಬ್ಬಿಸಿದ್ದೇಕೆ?

ಕೊಲ್ಲಲು ಬಂದವನಿಗೆ ಎದುರಾಳಿ ನಿದ್ದೆಯಲ್ಲಿರುವುದಕ್ಕಿಂತ ದೊಡ್ಡ ಅನುಕೂಲ ಬೇರೆ ಯಾವುದಿದೆ? ಆದರೂ ಮಹಾಭಾರತದ ಸೌಪ್ತಿಕಪರ್ವದ ಆ ರಾತ್ರಿ ಪಾಂಚಾಲರ ಪಾಳೆಯಕ್ಕೆ ನುಗ್ಗಿದ ಅಶ್ವತ್ಥಾಮ ಮೊದಲು ಮಾಡುವ ಕೆಲಸ ತನ್ನ ತಂದೆ ದ್ರೋಣನನ್ನು ಕೊಂದ ಧೃಷ್ಟದ್ಯುಮ್ನನನ್ನು ಎಬ್ಬಿಸುವುದು. ಹೂಮಾಲೆ, ಧೂಪದ ಕಂಪು, ನಯವಾದ ಹಾಸಿಗೆಯ ನಡುವೆ ಮೈಮರೆತು ಮಲಗಿದ್ದವನನ್ನು ಕಾಲಿನಿಂದ ಒದೆಯುತ್ತಾನೆ. ಕಣ್ಣು ಬಿಟ್ಟ ಧೃಷ್ಟದ್ಯುಮ್ನ ಬಂದವನು ಯಾರೆಂದು ಗುರುತಿಸುತ್ತಾನೆ. ಏಳಲು ಹೊರಟವನ ಕೂದಲು ಹಿಡಿದು ಅಶ್ವತ್ಥಾಮ ನೆಲಕ್ಕೆ ಕೆಡವುತ್ತಾನೆ, ಕೊರಳನ್ನೂ ಎದೆಯನ್ನೂ ಮೆಟ್ಟಿ ನಿಲ್ಲುತ್ತಾನೆ. ಉಗುರಿನಿಂದ ಪರಚುತ್ತ, ತೊದಲುತ್ತ ಧೃಷ್ಟದ್ಯುಮ್ನ ಬೇಡುವುದು ಪ್ರಾಣಭಿಕ್ಷೆಯನ್ನಲ್ಲ. ತಡಮಾಡದೆ ಶಸ್ತ್ರದಿಂದ ಕೊಲ್ಲು, ನನಗೆ ಸದ್ಗತಿಯಾದರೂ ಸಿಗಲಿ ಎನ್ನುತ್ತಾನೆ. ಗುರುವನ್ನು ಕೊಂದವನಿಗೆ ಯಾವ ಲೋಕವೂ ಇಲ್ಲ, ಶಸ್ತ್ರದ ಸಾವಿಗೆ ನೀನು ತಕ್ಕವನಲ್ಲ ಎಂದು ಅಶ್ವತ್ಥಾಮ ಉತ್ತರಿಸುತ್ತಾನೆ. ಪಶುವನ್ನು ಕೊಲ್ಲುವಂತೆ ತುಳಿದೇ ಕೊಲ್ಲುತ್ತಾನೆ.

ಸುತ್ತಲೂ ಶತ್ರುಗಳ ಬಿಡಾರ. ಒಂದು ಕೂಗು ಕೇಳಿಸಿದರೆ ಎಲ್ಲರೂ ಎಚ್ಚರವಾಗುತ್ತಾರೆ. ಹೀಗಿರುವಾಗ ಇಷ್ಟು ಅಪಾಯ ಮೈಮೇಲೆ ಎಳೆದುಕೊಂಡದ್ದೇಕೆ? ಅವನು ಕ್ರೂರಿ ಎಂದು ಹೇಳಿ ಮುಗಿಸಬಹುದು. ಆದರೆ ಕ್ರೌರ್ಯಕ್ಕೆ ಮಲಗಿದ್ದವನೂ ಸಾಕಿತ್ತು. ಅಶ್ವತ್ಥಾಮನಿಗೆ ಬೇಕಾಗಿದ್ದದ್ದು ಇನ್ನೇನೋ ಒಂದು. ಅದು ಏನೆಂಬುದಕ್ಕೆ ಕಳೆದ ಕೆಲವು ದಶಕಗಳ ಮನೋವಿಜ್ಞಾನ ಸಾಕಷ್ಟು ಒಳ್ಳೆಯ ಉತ್ತರ ಕೊಟ್ಟಿದೆ.

ಕಾಸರಗೋಡಿನವರಾದ ನಮಗೆ ಈ ಬಗೆಯ ಪ್ರಶ್ನೆ ಹೊಸದಲ್ಲ. ತಿರುಗಾಟದ ಕೊನೆಯ ದಿನವಾದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಆಟಿಯ ಮಳೆ ಧೋ ಎಂದು ಸುರಿಯುವ ದಿನಗಳಲ್ಲಿ, ಇಲ್ಲಿನ ದೇವಸ್ಥಾನಗಳ ಸಭಾಂಗಣಗಳಲ್ಲೂ ಹಳೆಯ ಮನೆಗಳ ಚಾವಡಿಗಳಲ್ಲೂ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತಿನಲ್ಲಿ ಪಾತ್ರವನ್ನು ಕಟ್ಟುತ್ತಾರೆ. ಪದ್ಯ ಎಲ್ಲರಿಗೂ ಗೊತ್ತಿರುವುದೇ, ಕಥೆಯ ಕೊನೆಯೂ ಗೊತ್ತಿರುವುದೇ. ಯಾಕೆ ಹಾಗೆ ಮಾಡಿದ ಎಂಬುದಷ್ಟೇ ಅಲ್ಲಿನ ವಿಚಾರಣೆಯ ವಸ್ತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿ ಬೆಳೆದವರು ಮನುಷ್ಯರ ಉದ್ದೇಶಗಳನ್ನು ಅಳೆದು ತೂಗುವುದನ್ನು ಮೊದಲು ಕಲಿಯುವುದು ಹೆಚ್ಚಾಗಿ ಈ ಕೂಟಗಳಲ್ಲೇ. ನಾನು ಕಲಿತದ್ದೂ ಅಲ್ಲೇ.

ಅಶ್ವತ್ಥಾಮನ ಕೈ ಧೃಷ್ಟದ್ಯುಮ್ನನ ಕೂದಲಿಗೇ ಹೋದದ್ದು ಆಕಸ್ಮಿಕವಲ್ಲ. ಮೂರು ದಿನಗಳ ಹಿಂದೆ, ಆಯುಧ ಕೆಳಗಿಟ್ಟು ಯೋಗದಲ್ಲಿ ಕುಳಿತಿದ್ದ ದ್ರೋಣನ ಕೂದಲನ್ನು ಹಿಡಿದೇ ಧೃಷ್ಟದ್ಯುಮ್ನ ತಲೆ ಕಡಿದಿದ್ದ. ಕೊಲ್ಲಬೇಡ, ಆಚಾರ್ಯರನ್ನು ಜೀವಂತವಾಗಿ ಕರೆದು ತಾ ಎಂದು ಅರ್ಜುನ ಕೂಗಿದ್ದೂ ಕಿವಿಗೆ ಬೀಳಲಿಲ್ಲ. ಆಮೇಲೆ ಅಶ್ವತ್ಥಾಮ ಹಲುಬುವಾಗಲೆಲ್ಲ ಅವನನ್ನು ಸುಡುವುದು ತಂದೆಯ ಸಾವಿಗಿಂತ ಹೆಚ್ಚಾಗಿ ಆ ಕೂದಲು ಹಿಡಿದ ಕೈ. ಯುದ್ಧದಲ್ಲಿ ಸಾವು ಬರುತ್ತದೆ, ಅದನ್ನು ಕ್ಷತ್ರಿಯಧರ್ಮ ಒಪ್ಪುತ್ತದೆ. ನಾನು ಬದುಕಿರುವಾಗಲೇ ನನ್ನ ತಂದೆಯ ಜುಟ್ಟಿಗೆ ಒಬ್ಬ ಕೈ ಹಾಕಿದ ಎಂಬುದನ್ನು ಅವನ ಮನಸ್ಸು ಒಪ್ಪುವುದಿಲ್ಲ. ಆದ್ದರಿಂದಲೇ ಅವನು ಅದೇ ಅವಮಾನವನ್ನು, ಅದೇ ರೂಪದಲ್ಲಿ, ಮಾಡಿದವನಿಗೇ ಹಿಂದಿರುಗಿಸುತ್ತಾನೆ. ಮಲಗಿದ್ದವನಿಗೆ ಅವಮಾನ ತಿಳಿಯುವುದಿಲ್ಲವಲ್ಲ!

ಜರ್ಮನಿಯ ಮನೋವಿಜ್ಞಾನಿ ಮಾರಿಯೊ ಗೊಲ್‌ವಿಟ್ಸರ್ ಮತ್ತು ಸಂಗಡಿಗರು 2009 ಮತ್ತು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದೇ ಪ್ರಶ್ನೆಯ ಸುತ್ತ ಇವೆ. ಸೇಡು ತೀರಿಸಿಕೊಂಡವನಿಗೆ ಸಮಾಧಾನ ಸಿಗುವುದು ಎದುರಾಳಿ ನರಳಿದ್ದರಿಂದಲೇ, ಅಥವಾ ತಾನು ಮಾಡಿದ ತಪ್ಪಿಗೇ ಇದು ಬಂತು ಎಂದು ಎದುರಾಳಿಗೆ ಅರ್ಥವಾದದ್ದರಿಂದಲೇ? ಅನ್ಯಾಯವಾಗಿ ನಡೆದುಕೊಂಡ ಜೊತೆಗಾರನಿಗೆ ಶಿಕ್ಷೆ ಕೊಡುವ ಅವಕಾಶವನ್ನು ಪ್ರಯೋಗದಲ್ಲಿ ಭಾಗವಹಿಸಿದವರಿಗೆ ಒದಗಿಸಲಾಯಿತು. ಬರಿಯ ಶಿಕ್ಷೆ ಹೆಚ್ಚಿನ ತೃಪ್ತಿ ಕೊಡಲಿಲ್ಲ. ಇದು ಯಾಕೆ ಬಂತೆಂದು ನನಗೆ ಗೊತ್ತಾಯಿತು ಎಂದು ಆ ಕಡೆಯಿಂದ ಸೂಚನೆ ಬಂದಾಗ ಮಾತ್ರ ಸೇಡು ತೀರಿಸಿಕೊಂಡವರ ಮನಸ್ಸು ತಣಿಯಿತು. ಅಂದರೆ ಸೇಡಿಗೆ ಬೇಕಾದದ್ದು ಹೆಣವಲ್ಲ, ಒಪ್ಪಿಗೆ. ಎಬ್ಬಿಸಿದ ಒದೆತಕ್ಕೆ ಇದಕ್ಕಿಂತ ಹತ್ತಿರದ ವಿವರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಾವಿರಾರು ಮೈಲಿ ದೂರದ ಇನ್ನೊಂದು ಸೇಡಿನ ನಾಟಕದಲ್ಲೂ ಇದೇ ಲೆಕ್ಕಾಚಾರ ಕಾಣಿಸುತ್ತದೆ. 1600ರ ಆಸುಪಾಸಿನಲ್ಲಿ ಶೇಕ್ಸ್‌ಪಿಯರ್ ಬರೆದ 'ಹ್ಯಾಮ್ಲೆಟ್'ನ ಮೂರನೆಯ ಅಂಕದಲ್ಲಿ, ತಂದೆಯನ್ನು ಕೊಂದ ಚಿಕ್ಕಪ್ಪ ಒಂಟಿಯಾಗಿ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿರುತ್ತಾನೆ. ಹಿಂದಿನಿಂದ ಬಂದ ಹ್ಯಾಮ್ಲೆಟ್ ಕತ್ತಿ ಹಿರಿದವನು ಕೊಲ್ಲದೆ ಹೋಗುತ್ತಾನೆ. ಪ್ರಾರ್ಥನೆಯಲ್ಲಿರುವಾಗ ಸತ್ತರೆ ಇವನು ಸ್ವರ್ಗಕ್ಕೆ ಹೋಗುತ್ತಾನೆ, ಪಾಪದ ಹೊರೆಯೊಂದಿಗೆ ಸತ್ತ ನನ್ನ ತಂದೆಗೆ ಆ ಭಾಗ್ಯ ಸಿಗಲಿಲ್ಲ ಎಂಬುದು ಅವನು ತನಗೆ ತಾನೇ ಕೊಟ್ಟುಕೊಳ್ಳುವ ಕಾರಣ. ಇದನ್ನು ಹಿಂಜರಿಕೆಗೆ ಹುಡುಕಿದ ನೆಪವೆಂದು ಓದುವವರಿದ್ದಾರೆ. ಧೃಷ್ಟದ್ಯುಮ್ನನಿಗೆ ಸದ್ಗತಿ ನಿರಾಕರಿಸಿದ ಅಶ್ವತ್ಥಾಮನನ್ನು ಬಲ್ಲ ನನಗೆ ಅದು ನೆಪವೆನಿಸುವುದಿಲ್ಲ. ಪರಸ್ಪರ ಕೇಳಿ ಅರಿಯದ ಎರಡು ನಾಡುಗಳ ಕಥೆಗಳಲ್ಲಿ ಸೇಡಿನವನ ಕಣ್ಣು ಸಾವನ್ನೂ ದಾಟಿ ಆಚೆಯ ಲೋಕದ ಮೇಲೆ ನೆಟ್ಟಿದೆ. ಇಬ್ಬರಿಗೂ ಪ್ರಾಣ ತೆಗೆದರೆ ಸಾಲದು, ಲೆಕ್ಕ ಸಮವಾಗಬೇಕು.

ಆದರೆ ಈ ಲೆಕ್ಕ ಸಮವಾಗುವುದೇ ಇಲ್ಲ. 2003ರಲ್ಲಿ ಲಂಡನ್ನಿನಲ್ಲಿ ಸುಖ್ವಿಂದರ್ ಶೇರ್‌ಗಿಲ್ ಮತ್ತು ಸಹೋದ್ಯೋಗಿಗಳು ನಡೆಸಿದ ಒಂದು ಪ್ರಯೋಗ ಇದನ್ನು ಬೆರಳ ತುದಿಯಲ್ಲಿ ತೋರಿಸಿತು. ಎದುರುಬದುರಾಗಿ ಇಬ್ಬರು. ಯಂತ್ರವೊಂದರ ಮೂಲಕ ಒಬ್ಬನ ಬೆರಳಿನ ಮೇಲೆ ಒತ್ತಡ ಬೀಳುತ್ತದೆ. ನಿನಗೆ ಎಷ್ಟು ಒತ್ತಿದಂತಾಯಿತೋ ಅಷ್ಟನ್ನೇ ಅವನಿಗೆ ಹಿಂದಿರುಗಿಸು ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಲಾಗಿದೆ. ಇಬ್ಬರಲ್ಲಿ ಯಾರಿಗೂ ಹಗೆಯಿಲ್ಲ, ಮೋಸ ಮಾಡುವ ಉದ್ದೇಶವೂ ಇಲ್ಲ. ಹಾಗಿದ್ದೂ ಪ್ರತಿ ಸರದಿಯಲ್ಲಿ ಒತ್ತಡ ಸರಾಸರಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಏರುತ್ತ ಹೋಯಿತು. ಕಾರಣ ಮೆದುಳಿನ ಕೆಲಸದ ಕ್ರಮದಲ್ಲಿದೆ. ನಾವೇ ಮಾಡುವ ಚಲನೆಯಿಂದ ಯಾವ ಸಂವೇದನೆ ಬರುತ್ತದೆಂದು ಮೆದುಳು ಮೊದಲೇ ಊಹಿಸಿ, ಅದರ ತೀವ್ರತೆಯನ್ನು ತಗ್ಗಿಸಿ ನಮಗೆ ಕೊಡುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದಕ್ಕೂ ಇದೇ ಕಾರಣ. ಹೊರಗಿನಿಂದ ಬಂದದ್ದಕ್ಕೆ ಆ ರಿಯಾಯಿತಿ ಇಲ್ಲ. ತಿಂದ ಪೆಟ್ಟು ಪೂರ್ತಿಯಾಗಿ ತಿಳಿಯುತ್ತದೆ, ಕೊಟ್ಟ ಪೆಟ್ಟು ಕಡಿಮೆಯಾಗಿ ತಿಳಿಯುತ್ತದೆ. ಬೆರಳಿನ ಪ್ರಯೋಗದಿಂದ ನೇರವಾಗಿ ಕುರುಕ್ಷೇತ್ರಕ್ಕೆ ಹಾರಬಾರದು, ನಿಜ. ಆದರೆ ಮನಸ್ಸಿನ ಗಾಯಗಳಲ್ಲೂ ಇಂಥದೇ ಅಸಮತೆಯನ್ನು ತೋರಿಸುವ ಪುರಾವೆ ಬೇರೆ ದಿಕ್ಕಿನಿಂದ ಬಂದಿದೆ.

ಅದು ಅಮೆರಿಕದ ರಾಯ್ ಬೌಮೈಸ್ಟರ್ ಮತ್ತು ಇಬ್ಬರು ಸಹಲೇಖಕರು 1990ರಲ್ಲಿ ಮಾಡಿದ ಅಧ್ಯಯನ. ವಿಧಾನ ಬಹಳ ಸರಳ. ಒಬ್ಬನೇ ವ್ಯಕ್ತಿ ಎರಡು ನಿಜ ಘಟನೆಗಳನ್ನು ಬರೆಯಬೇಕು: ಇನ್ನೊಬ್ಬರು ತನಗೆ ಸಿಟ್ಟು ಬರಿಸಿದ್ದು ಒಂದು, ತಾನು ಇನ್ನೊಬ್ಬರಿಗೆ ಸಿಟ್ಟು ಬರಿಸಿದ್ದು ಇನ್ನೊಂದು. ನೋವುಂಡವನಾಗಿ ಬರೆಯುವಾಗ ಕಥೆ ಹಿಂದಿನಿಂದಲೇ ಶುರುವಾಗಿ ಇಂದಿನವರೆಗೂ ಎಳೆಯುತ್ತಿತ್ತು. ಎದುರಾಳಿ ಹಾಗೆ ಮಾಡಿದ್ದಕ್ಕೆ ಅರ್ಥವಾಗುವ ಕಾರಣವೇ ಇರುತ್ತಿರಲಿಲ್ಲ. ನೋಯಿಸಿದವನಾಗಿ ಬರೆಯುವಾಗ ಅದೇ ಕೈಯಿಂದ ಬಂದದ್ದು ಚಿಕ್ಕ ಕಥೆ. ಅದೊಂದು ಬಿಡಿ ಘಟನೆ, ಅದಕ್ಕೆ ಕಾರಣವಿತ್ತು, ಈಗ ಮುಗಿದುಹೋಗಿದೆ. ಬರೆದವರು ಒಳ್ಳೆಯವರ ಗುಂಪು, ಕೆಟ್ಟವರ ಗುಂಪು ಎಂದು ಬೇರೆಬೇರೆಯಾಗಿರಲಿಲ್ಲ ಎಂಬುದೇ ಇಲ್ಲಿನ ಮುಖ್ಯ ಮಾತು.

ಈ ಕನ್ನಡಕ ಹಾಕಿಕೊಂಡು ದ್ರುಪದ ದ್ರೋಣರ ಕಥೆಯನ್ನು ಮೊದಲಿನಿಂದ ನೋಡಬೇಕು. ಬಾಲ್ಯದ ಗೆಳೆಯ ದ್ರೋಣ ಆಸ್ಥಾನಕ್ಕೆ ಬಂದಾಗ, ರಾಜನಿಗೂ ಬಡವನಿಗೂ ಎಲ್ಲಿಯ ಸ್ನೇಹ ಎಂದ ದ್ರುಪದ. ಅವನ ಪಾಲಿಗೆ ಅದು ಒಂದು ದಿನದ ಮಾತು. ದ್ರೋಣನಿಗೆ ಅದು ಹಸ್ತಿನಾವತಿಗೆ ಹೋಗಿ, ರಾಜಕುಮಾರರಿಗೆ ವಿದ್ಯೆ ಕಲಿಸಿ, ಗುರುದಕ್ಷಿಣೆಯಾಗಿ ದ್ರುಪದನನ್ನೇ ಕಟ್ಟಿ ತರಿಸುವವರೆಗೆ ಬದುಕನ್ನು ನಡೆಸಿದ ಗಾಯ. ಗೆದ್ದ ದ್ರೋಣ ಅರ್ಧ ರಾಜ್ಯವನ್ನು ಹಿಂದಿರುಗಿಸಿ, ಈಗ ನಾವಿಬ್ಬರೂ ಸಮಾನರು, ಗೆಳೆಯರಾಗೋಣ ಎನ್ನುತ್ತಾನೆ. ಆ ಮಾತಿನಲ್ಲಿ ಕಪಟವಿತ್ತೆಂದು ನನಗೆ ಅನಿಸುವುದಿಲ್ಲ. ಅವನ ಲೆಕ್ಕದಲ್ಲಿ ಎಲ್ಲವೂ ಚುಕ್ತಾ ಆಗಿತ್ತು. ದ್ರುಪದನ ಲೆಕ್ಕ ಅಲ್ಲಿಂದ ಶುರುವಾಯಿತು. ಯಾಜ, ಉಪಯಾಜರನ್ನು ಹುಡುಕಿ, ಯಜ್ಞ ಮಾಡಿಸಿ, ದ್ರೋಣನನ್ನು ಕೊಲ್ಲುವುದಕ್ಕೆಂದೇ ಬೆಂಕಿಯಿಂದ ಮಗನನ್ನು ಪಡೆದ. ಆ ಮಗನಿಗೆ ಬಿಲ್ವಿದ್ಯೆ ಕಲಿಸಿದವನೂ ದ್ರೋಣನೇ, ಅದೂ ಇವನು ಯಾತಕ್ಕೆ ಹುಟ್ಟಿದವನೆಂದು ತಿಳಿದೂ!

ಹೀಗೆ ಒಂದು ತಾತ್ಸಾರದ ಮಾತು ಅರ್ಧ ರಾಜ್ಯವಾಯಿತು, ಅರ್ಧ ರಾಜ್ಯ ಒಂದು ತಲೆಯಾಯಿತು, ಒಂದು ತಲೆ ಒಂದು ರಾತ್ರಿಯ ನರಮೇಧವಾಯಿತು. ಕೊನೆಗೆ ಅದು ಉತ್ತರೆಯ ಗರ್ಭದ ಶಿಶುವಿನವರೆಗೂ ಹೋಯಿತು. ಸರಪಳಿಯ ಯಾವ ಕೊಂಡಿಯನ್ನು ಹಿಡಿದು ಕೇಳಿದರೂ ತಾನು ಮೊದಲು ಮಾಡಿದವನಲ್ಲ, ಹಿಂದಿರುಗಿಸಿದವನು ಎನ್ನುತ್ತದೆ. ಮತ್ತು ಹಾಗೆ ಹೇಳುವಾಗ ಯಾರೂ ಸುಳ್ಳು ಹೇಳುತ್ತಿಲ್ಲ.

ಒಮ್ಮೆ ಬದಿಯಡ್ಕದ ಕಡೆ ಒಂದು ಮನೆಯ ಕೂಟದಲ್ಲಿ ಧೃಷ್ಟದ್ಯುಮ್ನನ ಅರ್ಥ ಹೇಳಿದವರು ಹಿರಿಯರೊಬ್ಬರು. ಇದಿರಾಗಿ ಕುಳಿತ ಅಶ್ವತ್ಥಾಮ ಗುರುಹತ್ಯೆಯ ಆರೋಪವನ್ನು ಒಂದೊಂದಾಗಿ ಹೊರಿಸಿ ನಿಲ್ಲಿಸಿದಾಗ ಸಭೆ ಪೂರ್ತಿ ಅವನ ಕಡೆಗಿತ್ತು. ಹಿರಿಯರು ಶಾಲು ಸರಿಪಡಿಸಿಕೊಂಡು, ದನಿ ಏರಿಸದೆ ಕೇಳಿದರು: "ನೀನು ತಂದೆಗೆ ಮಗನಾಗಿ ಹುಟ್ಟಿ, ಆಮೇಲೆ ಸೇಡಿಗೆ ಇಳಿದವನು. ನಾನು ಸೇಡಿಗಾಗಿಯೇ ಹುಟ್ಟಿ, ಆಮೇಲೆ ತಂದೆಗೆ ಮಗನಾದವನು. ನನಗೆ ಬೇರೆ ಬಾಲ್ಯವನ್ನು ಕೊಟ್ಟವರು ಯಾರು?" ಮದ್ದಳೆಯವರು ಕೂಡ ಅವರ ಮುಖವನ್ನೇ ನೋಡುತ್ತಿದ್ದರು. ಅಲ್ಲಿಯವರೆಗೆ ನನಗೆ ಧೃಷ್ಟದ್ಯುಮ್ನನೆಂದರೆ ಒಂದು ಕೊಲೆ ಮಾಡುವುದಕ್ಕಾಗಿ ಕಥೆಯೊಳಗೆ ಬಂದುಹೋಗುವ ಹೆಸರು.

ಆ ಪ್ರಶ್ನೆ ಮುಟ್ಟಿದ್ದು ನಮ್ಮೆಲ್ಲರಲ್ಲೂ ಇರುವ ಒಂದು ದೌರ್ಬಲ್ಯವನ್ನು. ಇನ್ನೊಬ್ಬರ ನಡತೆಗೆ ಕಾರಣ ಹುಡುಕುವಾಗ ನಾವು ಅವರ ಸ್ವಭಾವಕ್ಕೆ ಹೆಚ್ಚು, ಅವರ ಸನ್ನಿವೇಶಕ್ಕೆ ಕಡಿಮೆ ಬೆಲೆ ಕೊಡುತ್ತೇವೆ. ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ 1967ರಲ್ಲಿ ಇದನ್ನು ಪ್ರಬಂಧಗಳ ಮೂಲಕ ಪರೀಕ್ಷಿಸಿದರು. ಫಿಡೆಲ್ ಕ್ಯಾಸ್ಟ್ರೊ ಪರ ಅಥವಾ ವಿರೋಧವಾಗಿ ಬರೆದ ಪ್ರಬಂಧಗಳನ್ನು ಓದುಗರಿಗೆ ಕೊಟ್ಟರು. ಯಾವ ಪಕ್ಷ ಹಿಡಿಯಬೇಕೆಂದು ಬರೆದವನಿಗೆ ಮೊದಲೇ ವಿಧಿಸಲಾಗಿತ್ತು ಎಂದು ತಿಳಿಸಿದ ಮೇಲೂ, ಬರೆದದ್ದರಲ್ಲಿ ಅವನ ಸ್ವಂತ ನಂಬಿಕೆ ಇದೆಯೆಂದೇ ಓದುಗರು ಅಂದಾಜು ಮಾಡಿದರು. ಪ್ರತಿನಾಯಕನ ಅರ್ಥವನ್ನು ಸೊಗಸಾಗಿ ಹೇಳಿದವರ ಬಗ್ಗೆ ಕೂಟ ಮುಗಿದ ಮೇಲೂ ಕೆಲವರ ಮನಸ್ಸಿನಲ್ಲಿ ಒಂದು ಕಹಿ ಉಳಿಯುವುದು ಇದೇ ತಪ್ಪಿನಿಂದ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣ, ವಾಲಿಯಂಥ ಪಾತ್ರಗಳಿಗೆ ಕೊಟ್ಟ ಸಮರ್ಥನೆಗಳು ಎಷ್ಟು ಬಲವಾಗಿದ್ದವೆಂದರೆ, ಅವು ಇಂದಿಗೂ ಇಲ್ಲಿನ ಜಗಲಿಗಳಲ್ಲಿ ಚರ್ಚೆಗೆ ಬರುತ್ತವೆ. ಒಳ್ಳೆಯ ಅರ್ಥಧಾರಿ ಇಂದು ರಾಮನ ಪಕ್ಷ, ನಾಳೆ ವಾಲಿಯ ಪಕ್ಷ ಹಿಡಿಯಬಲ್ಲವನಾಗಿರಬೇಕು. ಬೌಮೈಸ್ಟರ್ ಎರಡು ಹಾಳೆಗಳಲ್ಲಿ ಬರೆಸಿದ್ದನ್ನು ಈ ಕಲೆ ಒಂದೇ ನಾಲಿಗೆಯಿಂದ ಆಡಿಸುತ್ತದೆ. ನನ್ನ ದೃಷ್ಟಿಯಲ್ಲಿ ತಾಳಮದ್ದಳೆಯ ದೊಡ್ಡಸ್ತಿಕೆ ಪಾಂಡಿತ್ಯಕ್ಕಿಂತ ಹೆಚ್ಚಾಗಿ ಇದರಲ್ಲಿದೆ.

ಇನ್ನು ಸೇಡು ತೀರಿದ ಮೇಲಿನ ಸುಖದ ಮಾತು. 2004ರಲ್ಲಿ ಜ್ಯೂರಿಕ್‌ನ ಸಂಶೋಧಕರು, ನಂಬಿಕೆದ್ರೋಹ ಮಾಡಿದವನನ್ನು ಶಿಕ್ಷಿಸಲು ನಿರ್ಧರಿಸುವವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಬಹುಮಾನದ ನಿರೀಕ್ಷೆಯಲ್ಲಿ ಚುರುಕಾಗುವ ಭಾಗವೇ ಅಲ್ಲೂ ಚುರುಕಾಗಿತ್ತು. ಅದು ಹೆಚ್ಚು ಚುರುಕಾದವರು ತಮ್ಮ ಕೈಯಿಂದ ಹೆಚ್ಚು ಹಣ ಕಳೆದುಕೊಂಡಾದರೂ ಶಿಕ್ಷಿಸಲು ಸಿದ್ಧರಿದ್ದರು. ಆದರೆ ಅದು ನಿರೀಕ್ಷೆಯ ಸುಖ. 2008ರಲ್ಲಿ ಕೆವಿನ್ ಕಾರ್ಲ್‌ಸ್ಮಿತ್ ಮತ್ತು ಸಂಗಡಿಗರು ಕಂಡದ್ದು ಅದರ ಇನ್ನೊಂದು ಮುಖ. ಶಿಕ್ಷಿಸಿದವರು ತಮಗೆ ಹಗುರಾಗುತ್ತದೆಂದು ನಂಬಿದ್ದರು. ಆದರೆ ಶಿಕ್ಷಿಸುವ ಅವಕಾಶವೇ ಸಿಗದವರಿಗಿಂತ ಅವರ ಮನಸ್ಸು ಹೆಚ್ಚು ಕೆಟ್ಟಿತ್ತು, ಏಕೆಂದರೆ ದ್ರೋಹ ಮಾಡಿದವನನ್ನೇ ಅವರು ಮತ್ತೆ ಮತ್ತೆ ನೆನೆಯುತ್ತಿದ್ದರು. ಅಶ್ವತ್ಥಾಮನೂ ಧೃಷ್ಟದ್ಯುಮ್ನನನ್ನು ಕೊಂದ ಮೇಲೆ ನಿಲ್ಲುವುದಿಲ್ಲ. ಗುರಿಯಾಗಿದ್ದವನು ಸತ್ತಿದ್ದಾನೆ, ಆದರೂ ದ್ರೌಪದಿಯ ಐವರು ಮಕ್ಕಳನ್ನು ಕೊಲ್ಲುತ್ತಾನೆ, ಸಿಕ್ಕವರನ್ನೆಲ್ಲ ಕೊಲ್ಲುತ್ತಾನೆ.

ಆ ಮಕ್ಕಳ ತಾಯಿಯ ನಡತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ವ್ಯಾಸಭಾರತದ ದ್ರೌಪದಿ ಮೊದಲು ಕ್ಷಮೆಯ ಮಾತನ್ನೇ ಆಡುವುದಿಲ್ಲ. ಅಶ್ವತ್ಥಾಮನ ಪ್ರಾಣ ತೆಗೆಯದಿದ್ದರೆ ಅನ್ನ ಬಿಟ್ಟು ಸಾಯುತ್ತೇನೆ ಎಂದು ಕುಳಿತುಬಿಡುತ್ತಾಳೆ. ಭೀಮ ಹೊರಡುತ್ತಾನೆ, ಕೃಷ್ಣಾರ್ಜುನರೂ ಹಿಂದೆ ಹೋಗುತ್ತಾರೆ. ತರುವುದು ಮಾತ್ರ ತಲೆಯನ್ನಲ್ಲ, ತಲೆಯ ಮೇಲಿದ್ದ ಹುಟ್ಟು ಮಣಿಯನ್ನು. ದ್ರೌಪದಿ ಅದನ್ನು ಒಪ್ಪಿಕೊಳ್ಳುತ್ತಾಳೆ, ಗುರುಪುತ್ರ ನನಗೂ ಗುರುವಿನಂತೆ ಎನ್ನುತ್ತಾಳೆ, ಮಣಿಯನ್ನು ಧರ್ಮರಾಯ ಧರಿಸಲಿ ಎನ್ನುತ್ತಾಳೆ. ಅವಳ ನಷ್ಟದಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ, ಕೊಂದವನು ಇನ್ನೂ ಉಸಿರಾಡುತ್ತಿದ್ದಾನೆ. ಆದರೆ ಅವನು ಸೋತೆನೆಂದು ತನ್ನ ಕೈಯಾರೆ ಮಣಿಯನ್ನು ಕಳಚಿ ಕೊಟ್ಟಿದ್ದಾನೆ. ಅಶ್ವತ್ಥಾಮ ಕತ್ತಲಲ್ಲಿ ಒದ್ದು ಎಬ್ಬಿಸಿ ಪಡೆಯಲು ಹೊರಟದ್ದು ಇದೇ ಒಪ್ಪಿಗೆಯನ್ನು. ಅದು ಸಿಕ್ಕಿದ ಮೇಲೆ ದ್ರೌಪದಿಗೆ ಅವನ ಸಾವು ಬೇಕಾಗಲಿಲ್ಲ.