ಗ್ರೀಕ್ ಹೆಸರುಗಳನ್ನು ಬಿಡಿಸಿ ಓದುವ ಬಗೆ

ಅರಿಸ್ಟೋಫನೀಸನ ‘ಮೋಡಗಳು’ ನಾಟಕ ಕ್ರಿ.ಪೂ. 423ರಲ್ಲಿ ಆಥೆನ್ಸಿನಲ್ಲಿ ರಂಗಕ್ಕೆ ಬಂತು. ಅದರ ಆರಂಭದಲ್ಲಿಯೇ ಮಗುವಿಗೆ ಹೆಸರಿಡುವ ಜಗಳದ ಪ್ರಸ್ತಾಪವಿದೆ. ಗಂಡ ಹಳ್ಳಿಯವನು, ಹೆಂಡತಿ ನಗರದ ದೊಡ್ಡ ಮನೆತನದವಳು. ಹೆಸರಿನಲ್ಲಿ ‘ಹಿಪ್ಪೊಸ್’, ಅಂದರೆ ಕುದುರೆ, ಇರಲೇಬೇಕೆಂದು ಅವಳ ಹಟ: ಕ್ಸಂಥಿಪ್ಪೊಸ್, ಖರಿಪ್ಪೊಸ್, ಕಲ್ಲಿಪ್ಪಿದೇಸ್, ಯಾವುದಾದರೂ ಸರಿ. ಅಜ್ಜನ ಹೆಸರನ್ನು ಅನುಸರಿಸಿ ಫೆಯ್ದೋನಿದೇಸ್ ಎಂದಿರಲಿ ಎಂಬುದು ಅವನ ಪಟ್ಟು. ಆ ಹೆಸರಿನ ಮೂಲದಲ್ಲಿರುವುದು ಹಿಡಿತದಿಂದ ಖರ್ಚು ಮಾಡುವ ಅರ್ಥ. ಬಹುಕಾಲ ಕಿತ್ತಾಡಿ ಕೊನೆಗೆ ಇಬ್ಬರೂ ರಾಜಿಯಾಗಿ ಇಟ್ಟ ಹೆಸರು ಫೆಯ್ದಿಪ್ಪಿದೇಸ್.

ಗ್ರೀಕ್ ಹೆಸರುಗಳ ಬಗ್ಗೆ ಮೊದಲು ತಿಳಿಯಬೇಕಾದದ್ದೆಲ್ಲ ಈ ಒಂದು ಪ್ರಸಂಗದಲ್ಲಿದೆ. ಹೆಸರು ಸಾಮಾನ್ಯವಾಗಿ ಎರಡು ಪದಗಳ ಸಮಾಸ. ಒಂದೊಂದು ಪದಕ್ಕೂ ತನ್ನದೇ ಅಂತಸ್ತು; ಕುದುರೆ ಸಾಕುವುದು ಸಿರಿವಂತರಿಗೆ ಮಾತ್ರ ಸಾಧ್ಯವಿದ್ದ ಕಾಲದಲ್ಲಿ ‘ಹಿಪ್ಪೊಸ್’ ಸಿರಿತನದ ಗುರುತು. ಅಜ್ಜನ ಹೆಸರಿಗೆ ಹಕ್ಕು ಹೆಚ್ಚು. ಎರಡು ಪದ ಕೂಡಿದಾಗ ಸುಸಂಬದ್ಧ ಅರ್ಥ ಹೊರಡಲೇಬೇಕೆಂಬ ನಿಯಮವೂ ಇಲ್ಲ. ‘ಈ ಹೆಸರಿನ ಅರ್ಥವೇನು’ ಎಂದು ಕೇಳುವ ಬದಲು ‘ಇದರ ತುಂಡುಗಳು ಯಾವುವು, ಅವು ಯಾರಿಂದ ಬಂದವು’ ಎಂದು ಕೇಳಿದರೆ ನಮ್ಮ ಅಧ್ಯಯನ ಸರಿದಾರಿ ಹಿಡಿಯುತ್ತದೆ.

ಬರವಣಿಗೆಯ ಬಗ್ಗೆ ಒಂದು ಮಾತು. ಅರಿಸ್ಟಾಟಲ್, ಪ್ಲೇಟೋ ಎಂಬ ರೂಪಗಳು ನಮಗೆ ಇಂಗ್ಲಿಷಿನ ಮೂಲಕ ಬಂದವು. ಮೂಲ ರೂಪಗಳು ಅರಿಸ್ತೊತೆಲೇಸ್, ಪ್ಲತೋನ್. ಪ್ರಾಚೀನ ಗ್ರೀಕಿನಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಅಕ್ಷರಗಳು. ಥ, ಫ, ಖ ನಿಜವಾದ ಮಹಾಪ್ರಾಣಗಳು. ಇವೆಲ್ಲವನ್ನೂ ಕನ್ನಡ ಲಿಪಿ ಸಲೀಸಾಗಿ ಹಿಡಿದಿಡುತ್ತದೆ. ಈ ಅನುಕೂಲ ಎಲ್ಲ ಭಾಷೆಗಳ ವಿದ್ಯಾರ್ಥಿಗಳಿಗೂ ಇಲ್ಲ, ನಾವು ಬಳಸಿಕೊಳ್ಳೋಣ. ಮುಂದಿನ ಹಳೆಯ ಹೆಸರುಗಳನ್ನು ಆದಷ್ಟು ಮೂಲಕ್ಕೆ ಹತ್ತಿರವಾಗಿ ಬರೆದಿದ್ದೇನೆ.

ಕಲಿಯಬೇಕಾದ ತುಂಡುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ‘ಕ್ಲೆಯೊಸ್’, ಕೀರ್ತಿ. ಹೆಸರಿನ ಕೊನೆಯಲ್ಲಿ ಅದು ‘ಕ್ಲೇಸ್’ ಆಗುತ್ತದೆ. ಸೊಫೊಕ್ಲೇಸ್ ಜಾಣ್ಮೆಯ ಕೀರ್ತಿಯುಳ್ಳವನು. ಪೆರಿಕ್ಲೇಸ್ ಸುತ್ತೆಲ್ಲ ಹೆಸರಾದವನು. ಹೇರಕ್ಲೇಸ್‌ನಲ್ಲಿ ಹೇರಾ ದೇವಿಯೂ ಕೀರ್ತಿಯೂ ಸೇರಿವೆ. ಕ್ಲೆಯೊಸ್ ಎಂಬುದು ಮೂಲತಃ ‘ಕಿವಿಗೆ ಬಿದ್ದದ್ದು’. ಶ್ರವಣ, ಶ್ರುತಿ ಪದಗಳ ಧಾತುವೇ ಅದರದ್ದೂ ಹೌದು. ವೇದದ ‘ಶ್ರವಸ್’ ಅದರ ಸೋದರ ಪದ. ಹೋಮರನ ‘ಕ್ಲೆಯೊಸ್ ಅಫ್ಥಿತೊನ್’ ಮತ್ತು ಋಗ್ವೇದದ ‘ಅಕ್ಷಿತ ಶ್ರವಸ್’ ಎರಡೂ ‘ಕುಂದದ ಕೀರ್ತಿ’. ಈ ಹೊಂದಾಣಿಕೆಯನ್ನು 1853ರಲ್ಲಿಯೇ ಜರ್ಮನ್ ಭಾಷಾತಜ್ಞ ಅಡಾಲ್ಬರ್ಟ್ ಕೂನ್ ಗುರುತಿಸಿದ್ದರು. ಗ್ರೀಕಿನ ‘ಎಉ’ ಮತ್ತು ಸಂಸ್ಕೃತದ ‘ಸು’ ಒಂದೇ ಬೇರಿನವು. ಹಾಗಾಗಿ ಗ್ರೀಕರ ಎಉಕ್ಲೇಸ್, ಋಗ್ವೇದದ ಸುಶ್ರವಸ್, ಇರಾನಿನ ಖುಸ್ರೋ ತುಂಡಿಗೆ ತುಂಡು ಒಂದೇ ಹೆಸರು. ಎರಡು ಪದ ಕೂಡಿಸಿ ಹೆಸರಿಡುವ ಪದ್ಧತಿ ಈ ಭಾಷೆಗಳು ಕವಲೊಡೆಯುವ ಮುನ್ನವೇ ಇತ್ತು ಎನ್ನುವುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷಿ ನಾನು ಕಂಡಿಲ್ಲ.

ತುಂಡುಗಳು ಹಿಂದುಮುಂದಾದರೂ ನಡೆಯುತ್ತದೆ. ಥೆಯೊದೋರೊಸ್ ಮತ್ತು ದೋರೊಥೆಯೊಸ್ ಎರಡರಲ್ಲೂ ಇರುವುದು ದೇವರು ಮತ್ತು ಕೊಡುಗೆ. ಕ್ಲೆಯೊಪತ್ರಾ ಎಂಬ ಹೆಸರಿನಲ್ಲಿರುವುದು ಕೀರ್ತಿ ಮತ್ತು ತಂದೆ. ಅದನ್ನೇ ತಿರುಗಿಸಿದರೆ ಅಕಿಲೀಸನ ಗೆಳೆಯ ಪತ್ರೊಕ್ಲೊಸ್. ಹೆಣ್ಣುಮಕ್ಕಳ ಹೆಸರುಗಳಲ್ಲಿ ಬಹುಪಾಲು ಹೀಗೆ ಗಂಡು ಹೆಸರಿನ ಸ್ತ್ರೀರೂಪಗಳೇ, ಕದನ ಮತ್ತು ವಿಜಯದ ಪದಗಳೂ ಬಿಡದೆ. ಫೆರೆನೀಕೇ ಎಂದರೆ ಗೆಲುವನ್ನು ತರುವವಳು. ಅದರ ಮಕೆದೋನಿಯದ ರೂಪ ಬೆರೆನೀಕೇ. ‘ಗಂಡಸರನ್ನು ಕಾಯುವವನು’ ಎಂಬ ಅರ್ಥದ ಅಲೆಕ್ಸಂದ್ರೊಸ್‌ನ ಸ್ತ್ರೀರೂಪವಾದ ಅಲೆಕ್ಸಂದ್ರಾ ಮೈಕೀನೆಯಲ್ಲಿ ಸಿಕ್ಕಿದ, ಗ್ರೀಕ್ ಬರೆಯಲು ಬಳಸಿದ ಅತಿ ಹಳೆಯ ಲಿಪಿಯಾದ ಲೀನಿಯರ್ ಬಿಯ ಮಣ್ಣಿನ ಫಲಕದಲ್ಲಿ ಇದೆ. ಅದು ಮಹಾ ಅಲೆಕ್ಸಾಂಡರನಿಗಿಂತ ಸುಮಾರು ಒಂಬತ್ತು ಶತಮಾನ ಹಳೆಯದು.

ದೇವರ ಹೆಸರುಗಳಲ್ಲಿ ಎಚ್ಚರ ಬೇಕಾದ ಜಾಗ ಒಂದಿದೆ. ನಾವು ಮಕ್ಕಳನ್ನು ನೇರವಾಗಿ ಕೃಷ್ಣ, ಲಕ್ಷ್ಮಿ ಎಂದು ಕರೆಯುತ್ತೇವೆ. ಪ್ರಾಚೀನ ಗ್ರೀಕರು ಸಾಮಾನ್ಯವಾಗಿ ಹಾಗೆ ಮಾಡುತ್ತಿರಲಿಲ್ಲ. ದಿಯೊನೂಸೊಸ್ ದೇವರು, ದಿಯೊನೂಸಿಯೊಸ್ ಅವನಿಗೆ ಸೇರಿದ ಮನುಷ್ಯ. ಹಾಗೆಯೇ ಅಪೊಲ್ಲೋನ್‌ನಿಂದ ಅಪೊಲ್ಲೋನಿಯೊಸ್, ದೇಮೇತೇರ್‌ಳಿಂದ ದೇಮೇತ್ರಿಯೊಸ್. ದೇವರ ಹೆಸರನ್ನು ಹಾಗೆಯೇ ಇಟ್ಟುಕೊಳ್ಳುವ ರೂಢಿ ಹರಡಿದ್ದು ರೋಮನ್ನರ ಆಳ್ವಿಕೆಯ ಕಾಲದಲ್ಲಿ. ಇನ್ನೊಂದು ತೊಡಕು: ಥೆಯೊಸ್ ಮತ್ತು ನಮ್ಮ ‘ದೇವ’ ಅರ್ಥದಲ್ಲಿ ಒಂದೇ ಆದರೂ ಸಂಬಂಧಿಕರಲ್ಲ. ‘ದೇವ’ ಪದಕ್ಕೆ ನಂಟಿರುವುದು ಜೀಯಸ್ ಜೊತೆ. ಷಷ್ಠಿ ವಿಭಕ್ತಿಯಲ್ಲಿ ಜೀಯಸ್ ಹೆಸರು ‘ದಿಯೊಸ್’ ಆಗುತ್ತದೆ. ಬಾಕ್ಟ್ರಿಯದಲ್ಲಿ ಗ್ರೀಕ್ ರಾಜ್ಯ ಕಟ್ಟಿದ ದಿಯೊದೊತೊಸ್‌ನ ಹೆಸರು ದೇವದತ್ತಕ್ಕೆ ಬಹಳ ಹತ್ತಿರದ್ದು.

ಅಜ್ಜನ ಹೆಸರಿನ ವಿಷಯಕ್ಕೆ ಬರೋಣ. ಆಥೆನ್ಸಿನಲ್ಲಿ ಮಗು ಹುಟ್ಟಿದ ಹತ್ತನೆಯ ದಿನ ‘ದೆಕತೇ’ ಎಂಬ ಔತಣ ಮಾಡಿ ಹೆಸರಿಡುವ ರೂಢಿಯಿತ್ತು, ಮೊದಲ ಮಗನಿಗೆ ಹೆಚ್ಚಾಗಿ ತಂದೆಯ ತಂದೆಯ ಹೆಸರು. ಪೆರಿಕ್ಲೇಸ್‌ನ ತಂದೆ ಕ್ಸಂಥಿಪ್ಪೊಸ್, ಹಿರಿಯ ಮಗನೂ ಕ್ಸಂಥಿಪ್ಪೊಸ್. ಅರಿಸ್ತೊತೆಲೇಸ್‌ನ ತಂದೆ ನೀಕೊಮಖೊಸ್, ಮಗನೂ ನೀಕೊಮಖೊಸ್. ಗೆಲುವು ಮತ್ತು ಕದನ ಎಂಬ ತುಂಡುಗಳಿರುವ ಈ ಹೆಸರು ಆ ಅಜ್ಜನಿಗಿದ್ದದ್ದು ಗಮನಾರ್ಹ. ಅವನು ಯೋಧನಲ್ಲ, ಮಕೆದೋನಿಯದ ಅರಸನ ವೈದ್ಯ. ಒಂದೇ ಹೆಸರಿನವರು ಹಲವರಿದ್ದಾಗ ಗುರುತಿಗೆ ತಂದೆಯ ಹೆಸರನ್ನೂ ಸ್ವಂತ ಗ್ರಾಮದ ಹೆಸರನ್ನೂ ಸೇರಿಸುತ್ತಿದ್ದರು: ಕ್ಸಂಥಿಪ್ಪೊಸ್‌ನ ಮಗ, ಖೊಲಾರ್ಗೊಸ್‌ನವನಾದ ಪೆರಿಕ್ಲೇಸ್. ಅಪ್ಪನ ಹೆಸರು ಮತ್ತು ಊರಿನ ಹೆಸರನ್ನು ಇನಿಶಿಯಲ್ ಆಗಿ ಹೊತ್ತಿರುವ ನಮಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಕ್ರೈಸ್ತ ಧರ್ಮ ಬಂದ ಮೇಲೆ ಹೀಬ್ರೂ ಮೂಲದ ಇಯೊಆನ್ನೇಸ್, ಮರಿಯಾ, ಲ್ಯಾಟಿನ್ ಮೂಲದ ಕಾನ್ಸ್ಟಂಟೀನೊಸ್ ಸೇರಿಕೊಂಡವು. ಆದರೆ ಹಳೆಯ ಹೆಸರುಗಳು ಅಳಿಯಲಿಲ್ಲ. ದೇಮೇತೇರ್ ದೇವಿಯ ಹೆಸರನ್ನು ಹೊತ್ತವನೇ ಥೆಸಲೋನಿಕಿಯ ರಕ್ಷಕ ಸಂತನಾದ. ಭೂಮಿ ಮತ್ತು ಕೆಲಸ ಎಂಬ ತುಂಡುಗಳ ‘ಗೆಯೋರ್ಗೊಸ್’ ಎಂದರೆ ರೈತ, ಅದರಿಂದಲೇ ಜಾರ್ಜ್. ಇಂದಿನ ಗ್ರೀಸಿನಲ್ಲಿ ಉಚ್ಚಾರಣೆ ಬದಲಾಗಿದೆ: ಬಸಿಲೇಯೊಸ್ ಈಗ ವಸಿಲಿಯೊಸ್, ದೇಮೇತ್ರಿಯೊಸ್ ಈಗ ದಿಮಿತ್ರಿಯೊಸ್. ಪನಯೋತಿಸ್ ಎಂಬುವನನ್ನು ಮನೆಯಲ್ಲಿ ತಾಕಿಸ್ ಎಂದೂ ಕರೆಯುತ್ತಾರೆ. ಅಜ್ಜನ ಹೆಸರಿಡುವುದು ಇನ್ನೂ ಬಳಕೆಯಲ್ಲಿರುವುದರಿಂದ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೆಲ್ಲ ಒಂದೇ ಹೆಸರಿನವರಾಗುವುದುಂಟು. ಅನೇಕರಿಗೆ ಹುಟ್ಟುಹಬ್ಬಕ್ಕಿಂತ ತಮ್ಮ ಸಂತನ ಹಬ್ಬವೇ ದೊಡ್ಡದು; ದಿಮಿತ್ರಿಯೊಸ್‌ಗಳದ್ದು ಅಕ್ಟೋಬರ್ 26.

ಭಾರತದ ನೆಲದಲ್ಲಿಯೇ ಸಿಗುವ ಹೆಸರುಗಳನ್ನು ಬಿಡಬಾರದು. ಮಧ್ಯಪ್ರದೇಶದ ವಿದಿಶೆಯ ಬಳಿ ಕ್ರಿ.ಪೂ. 2ನೆಯ ಶತಮಾನದಲ್ಲಿ ವಾಸುದೇವನಿಗೆ ಗರುಡಗಂಬ ನಿಲ್ಲಿಸಿದ ತಕ್ಷಶಿಲೆಯ ರಾಯಭಾರಿ ಹೇಲಿಯೊದೋರೊಸ್; ಸೂರ್ಯನ ಕೊಡುಗೆ ಎಂದು ಅರ್ಥ. ಅಲೆಕ್ಸಂದ್ರೊಸ್‌ನ ಮೊದಲ ಅಕ್ಷರಗಳನ್ನು ಅರಬ್ಬರು ತಮ್ಮ ‘ಅಲ್’ ಎಂದು ಭಾವಿಸಿದ್ದರಿಂದ ಉಳಿದದ್ದು ಇಸ್ಕಂದರ್, ಅದರಿಂದ ನಮ್ಮಲ್ಲಿಯೂ ಇರುವ ಸಿಕಂದರ್. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್ ಪ್ರಹಸನವೊಂದರ ನಾಯಕಿ ಖರಿತಿಯೊನ್, ಭಾರತದ ಕರಾವಳಿಯ ರಾಜನೊಬ್ಬನಲ್ಲಿ ಸೆರೆಯಾದ ಗ್ರೀಕ್ ಹೆಣ್ಣು. ಅಲ್ಲಿನ ಭಾರತೀಯರು ಆಡುವ ಮಾತು ಕನ್ನಡವಿರಬಹುದೆಂದು 20ನೆಯ ಶತಮಾನದ ಆರಂಭದಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಷ್ ಸೂಚಿಸಿದರು; ಗೋವಿಂದ ಪೈ ಮೊದಲಾದವರು ಚರ್ಚೆಯನ್ನು ಮುಂದುವರಿಸಿದರು; ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಅವಳ ಹೆಸರಿನ ರಚನೆ ಮಾತ್ರ ಸ್ಪಷ್ಟ: ‘ಖರಿಸ್’ ಎಂದರೆ ಚೆಲುವು, ಕೃಪೆ, ‘-ಇಯೊನ್’ ಮುದ್ದಿಗೆ ಹಚ್ಚುವ ನಪುಂಸಕಲಿಂಗದ ಪ್ರತ್ಯಯ.

ಅಭ್ಯಾಸಕ್ಕೆ ಕೆಲವು ಹೆಸರುಗಳು: ಫಿಲಿಪ್ಪೊಸ್, ಥೆಯೊಫಿಲೊಸ್, ನೀಕೊದೇಮೊಸ್, ದೇಮೊಕ್ಲೇಸ್, ಹಿಪ್ಪೊನೀಕೊಸ್. ‘ಫಿಲೊಸ್’ ಎಂದರೆ ಪ್ರಿಯ, ‘ದೇಮೊಸ್’ ಎಂದರೆ ಜನ. ಉಳಿದ ತುಂಡುಗಳೆಲ್ಲ ಮೇಲೆ ಬಂದಿವೆ. ಹಿಪ್ಪೊನೀಕೊಸ್ ಎಂಬುದು ಆಥೆನ್ಸಿನ ಭಾರಿ ಶ್ರೀಮಂತ ಮನೆಯೊಂದರ ಹೆಸರು. ಆ ಮನೆಯಲ್ಲಿ ಕಲ್ಲಿಯಾಸ್‌ನ ಮಗ ಹಿಪ್ಪೊನೀಕೊಸ್, ಅವನ ಮಗ ಮತ್ತೆ ಕಲ್ಲಿಯಾಸ್, ಹೀಗೆ ತಲೆಮಾರುಗಳು ಸಾಗುತ್ತವೆ.